ಕಾಂಗೋದ ಅನ್ನ ಮತ್ತು ಮದೇಸು: ಕಾಳು ಏಕೆ ಬೇಯಲಿಲ್ಲ, ಎಣ್ಣೆ ಯಾವುದು?

ಪ್ರಶ್ನೆ: ನಮ್ಮ ಯಜಮಾನರು ಕೆಲವು ವರ್ಷ ಕಾಂಗೋ ದೇಶದ ಕಿನ್ಶಾಸಾದಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಮಧ್ಯಾಹ್ನ ಉಣ್ಣುತ್ತಿದ್ದ ಅನ್ನ ಮತ್ತು ಕೆಂಪು ಎಣ್ಣೆಯ ಕಾಳಿನ ಗೊಜ್ಜನ್ನು ಈಗಲೂ ನೆನೆಸಿಕೊಳ್ಳುತ್ತಾರೆ. ನಾನು ರಾಜ್ಮಾ ತಂದು, ಈರುಳ್ಳಿ, ಟೊಮೆಟೊ, ಗರಂ ಮಸಾಲೆ ಎಲ್ಲ ಸೇರಿಸಿ ಕುಕ್ಕರಿಗೆ ಇಟ್ಟೆ. ಕಾಳು ಒಳಗೆ ಗಟ್ಟಿಯಾಗಿಯೇ ಉಳಿಯಿತು. ರುಚಿ ನೋಡಿ ‘ಇದು ಪಂಜಾಬಿ ರಾಜ್ಮಾ, ಅದಲ್ಲ’ ಎಂದರು. ಅಂಗಡಿಯ ಪಾಮ್ ಎಣ್ಣೆ ಹಾಕಿದ್ದರೂ ಆ ಬಣ್ಣ ಬರಲಿಲ್ಲ. ಅಕ್ಕಿಯನ್ನು ಕಾಳಿನ ಜೊತೆಗೇ ಬೇಯಿಸಬೇಕೇ? ನಾವು ಸಸ್ಯಾಹಾರಿಗಳು. — ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಯಜಮಾನರು ನೆನೆಸಿಕೊಳ್ಳುವ ಊಟಕ್ಕೆ ಕಿನ್ಶಾಸಾದ ಲಿಂಗಾಲ ಭಾಷೆಯಲ್ಲಿ ‘ಲೋಸೊ ನ ಮದೇಸು’ ಎನ್ನುತ್ತಾರೆ. ಲೋಸೊ ಎಂದರೆ ಅನ್ನ, ಮದೇಸು ಎಂದರೆ ಕಾಳು. ಮನೆಗಳಲ್ಲಿಯೂ, ‘ಮಲೇವಾ’ ಎಂದು ಕರೆಯುವ ಬೀದಿಬದಿಯ ಅಗ್ಗದ ಊಟದ ಅಂಗಡಿಗಳಲ್ಲಿಯೂ ಇದು ದಿನನಿತ್ಯದ ಅಡುಗೆ. ನೀವು ಕೇಳಿರುವ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಅಕ್ಕಿ ಮತ್ತು ಕಾಳನ್ನು ಒಟ್ಟಿಗೆ ಬೇಯಿಸುವುದಿಲ್ಲ. ಅನ್ನ ಬೇರೆ, ಮದೇಸು ಬೇರೆ. ಎರಡೂ ಸೇರುವುದು ತಟ್ಟೆಯಲ್ಲಿಯೇ. ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ‘ವಾಚೆ’ ಎಂಬ ಹೆಸರಿನಲ್ಲಿ ಅಕ್ಕಿ ಮತ್ತು ಅಲಸಂದೆಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವ ಪದ್ಧತಿ ಇದೆ. ಅಂತರ್ಜಾಲದಲ್ಲಿ ‘ಆಫ್ರಿಕಾದ ಅನ್ನ ಮತ್ತು ಕಾಳು’ ಎಂದು ಹುಡುಕುವವರಿಗೆ ಅದೇ ಮೊದಲು ಸಿಗುವುದರಿಂದ ಈ ಗೊಂದಲ ಹುಟ್ಟುತ್ತದೆ.

ನಿಮ್ಮ ಅಡುಗೆಯಲ್ಲಿ ಮೂರು ಕಡೆ ದಾರಿ ತಪ್ಪಿದೆ: ಹುಳಿ ಹಾಕಿದ ಹೊತ್ತು, ಎಣ್ಣೆ ಮತ್ತು ಮಸಾಲೆ. ಇವುಗಳಲ್ಲಿ ಮಸಾಲೆಯ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಮದೇಸುವಿಗೆ ಗರಂ ಮಸಾಲೆ, ಜೀರಿಗೆ, ಧನಿಯ, ಅರಿಸಿನ ಯಾವುದೂ ಬೇಡ, ಒಗ್ಗರಣೆಯ ಸಾಸಿವೆಯೂ ಬೇಡ. ಮಿಕ್ಕ ಎರಡನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಕಾಳು ಗಟ್ಟಿಯಾಗಿ ಉಳಿಯಲು ಮುಖ್ಯ ಕಾರಣ ಟೊಮೆಟೊ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಪೆಕ್ಟಿನ್. ನೀರಿನಲ್ಲಿ ಕುದಿಯುವಾಗ ಅದು ನಿಧಾನವಾಗಿ ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಟೊಮೆಟೊ, ಹುಣಸೆ, ನಿಂಬೆ ಮುಂತಾದ ಹುಳಿ ಪದಾರ್ಥಗಳು ನೀರಿನಲ್ಲಿದ್ದರೆ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಆಗ ಕುಕ್ಕರ್ ಎಷ್ಟೇ ಕೂಗಿದರೂ ಕಾಳಿನ ನಡುವೆ ಸುಣ್ಣದ ಹರಳಿನಂಥ ಬಿಳಿ ತಿರುಳು ಉಳಿದುಬಿಡುತ್ತದೆ. ಹುರುಳಿ ಸಾರು ಮಾಡುವವರು ಕಾಳು ಬೆಂದ ಮೇಲೆಯೇ ಹುಣಸೆ ಹಿಂಡುವುದೂ ಇದೇ ಕಾರಣಕ್ಕೆ. ಗಡಸು ನೀರೂ ಹೀಗೆಯೇ ಕೆಲಸ ಕೆಡಿಸುತ್ತದೆ, ಏಕೆಂದರೆ ಅದರಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ನಿಮ್ಮ ಮನೆಗೆ ಬೋರ್‌ವೆಲ್ ನೀರು ಬರುತ್ತಿದ್ದರೆ ಕಾಳು ನೆನೆಹಾಕಲು ಮತ್ತು ಬೇಯಿಸಲು ಕುಡಿಯುವ ಫಿಲ್ಟರ್ ನೀರನ್ನು ಬಳಸಿ ನೋಡಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಇನ್ನೊಂದು ಕಾರಣ ಕಾಳಿನ ವಯಸ್ಸು. ಬಿಸಿ ಮತ್ತು ತೇವ ಎರಡೂ ಇರುವ ಕೋಣೆಯಲ್ಲಿ ಬಹುಕಾಲ ಇಟ್ಟ ಕಾಳು ಹೊರಗಿನಿಂದ ಚೆನ್ನಾಗಿ ಕಂಡರೂ ಬೇಯಲು ಹಟ ಮಾಡುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಸಿಪ್ಪೆ ಮಂಕಾಗಿ, ಸುಕ್ಕುಗಟ್ಟಿ, ಬಣ್ಣ ಕಪ್ಪಿಟ್ಟ ಕಾಳನ್ನು ಬಿಟ್ಟು ಹೊಳಪಿರುವುದನ್ನು ಆರಿಸಿಕೊಳ್ಳಿ. ಕಾಂಗೋದಲ್ಲಿ ಈ ವಿಷಯಕ್ಕೆ ಇನ್ನೂ ಹೆಚ್ಚಿನ ಬೆಲೆ ಇದೆ. ಕಿನ್ಶಾಸಾದ ಬಹುಪಾಲು ಮನೆಗಳಲ್ಲಿ ಅಡುಗೆ ನಡೆಯುವುದು ‘ಮಕಲಾ’ ಎಂದು ಕರೆಯುವ ಇದ್ದಿಲಿನ ಮೇಲೆ. ಬೇಯಲು ತಡಮಾಡುವ ಕಾಳು ಎಂದರೆ ಅಷ್ಟು ಇದ್ದಿಲು ಹೆಚ್ಚು ಉರಿಯಿತು, ಅಷ್ಟು ಹಣ ಹೋಯಿತು ಎಂದೇ ಲೆಕ್ಕ. ದೇಶದ ಪೂರ್ವದ ಗೋಮಾ ಮತ್ತು ಬುಕಾವು ನಗರಗಳು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿವೆ. ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ಇನ್ನೂ ಹೊತ್ತು ಹಿಡಿಯುತ್ತದೆ. ನಮ್ಮ ಕೈಯಲ್ಲಿ ಪ್ರೆಶರ್ ಕುಕ್ಕರ್ ಇದೆ. ಅದರೊಳಗೆ ಉಷ್ಣತೆ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಹಾಗಾಗಿ ಮದೇಸು ಮಾಡಲು ಕುಕ್ಕರ್ ಬಳಸುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ, ಅದರ ಕೆಲಸ ಕಾಳು ಬೇಯಿಸುವಲ್ಲಿಗೆ ನಿಂತರೆ ಸಾಕು.

ಯಾವ ಕಾಳು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮದೇಸು ಎಂದರೆ ನಮ್ಮ ರಾಜ್ಮಾ ಮತ್ತು ಹುರಳಿಕಾಯಿಯ ಕುಲಕ್ಕೆ ಸೇರಿದ ಒಣಕಾಳೇ. ಅಲ್ಲಿ ಬಿಳಿ, ಕೆನೆಬಣ್ಣ, ಕೆಂಪು, ಚುಕ್ಕೆಯ ಕಾಳು ಎಲ್ಲವೂ ಸಂತೆಗೆ ಬರುತ್ತವೆ. ನಮ್ಮಲ್ಲಿ ‘ಚಿತ್ರಾ ರಾಜ್ಮಾ’ ಎಂದು ಮಾರುವ, ಕೆನೆಬಣ್ಣದ ಮೇಲೆ ಕಂದುಚುಕ್ಕೆ ಇರುವ ಕಾಳು ಇದಕ್ಕೆ ಬಹಳ ಹೊಂದುತ್ತದೆ. ಅದರ ಸಿಪ್ಪೆ ತೆಳು, ಬೆಂದರೆ ತಿರುಳು ಬೆಣ್ಣೆಯಾಗುತ್ತದೆ. ದಪ್ಪಸಿಪ್ಪೆಯ ಗಾಢ ಕೆಂಪು ರಾಜ್ಮಾ ಎರಡನೆಯ ಆಯ್ಕೆ. ಅಲಸಂದೆ ಆಫ್ರಿಕಾದ್ದೇ ಬೆಳೆ. ಮಧ್ಯ ಆಫ್ರಿಕಾದಲ್ಲಿಯೂ ಅದನ್ನು ಉಣ್ಣುತ್ತಾರೆ, ಬೇಗ ಬೇಯುತ್ತದೆ ಕೂಡ. ಆದರೆ ಅದರ ಮಣ್ಣಿನ ವಾಸನೆ ಬೇರೆಯಾದ್ದರಿಂದ ನಿಮ್ಮ ಯಜಮಾನರು ಮತ್ತೆ ‘ಅದಲ್ಲ’ ಎಂದಾರು. ಅವರೆಕಾಳನ್ನಂತೂ ಇದಕ್ಕೆ ಹಾಕಬೇಡಿ, ಅದರ ಸೊಗಡು ಬೇರೆ ಯಾವ ರುಚಿಯನ್ನೂ ಮೇಲೇಳಲು ಬಿಡುವುದಿಲ್ಲ.

ಈಗ ಎಣ್ಣೆಯ ವಿಷಯ. ಈ ಅಡುಗೆಯ ಜೀವ ಇರುವುದು ಇಲ್ಲಿಯೇ. ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಪಾಮ್ ಎಣ್ಣೆ ನಿಜವಾಗಿ ಶುದ್ಧೀಕರಿಸಿದ ಪಾಮೊಲಿನ್. ಶುದ್ಧೀಕರಣದಲ್ಲಿ ಅದರ ಬಣ್ಣ, ವಾಸನೆ ಎರಡನ್ನೂ ತೆಗೆದುಹಾಕಿರುತ್ತಾರೆ. ಕಾಂಗೋದಲ್ಲಿ ಬಳಸುವುದು ತಾಳೆಹಣ್ಣಿನ ತಿರುಳನ್ನು ಬೇಯಿಸಿ, ಕುಟ್ಟಿ, ಹಿಂಡಿ ತೆಗೆದ ಹಸಿ ಎಣ್ಣೆ. ಅದರಲ್ಲಿ ಕ್ಯಾರೋಟಿನ್ ಬಹಳ ಇರುವುದರಿಂದ, ಅಂದರೆ ಗಜ್ಜರಿಗೆ ಬಣ್ಣ ಕೊಡುವ ವಸ್ತುವೇ ಇರುವುದರಿಂದ, ಅದು ಕೆಂಪು ಕಿತ್ತಳೆ ಬಣ್ಣದ್ದಾಗಿರುತ್ತದೆ. ಸ್ವಲ್ಪ ತಂಪಾದರೂ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಎಣ್ಣೆ ತಾಳೆ ಆ ನೆಲದ್ದೇ ಮರ. 1911ರಲ್ಲಿ ಬ್ರಿಟನ್ನಿನ ಲಿವರ್ ಕಂಪನಿಯವರು ಸಾಬೂನಿಗೆ ಬೇಕಾದ ಎಣ್ಣೆಗಾಗಿ ಬೆಲ್ಜಿಯಂ ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಕಾಂಗೋದಲ್ಲಿ ದೊಡ್ಡ ಪ್ರಮಾಣದ ವ್ಯವಹಾರಕ್ಕೆ ಇಳಿದರು. ಅಲ್ಲಿನವರನ್ನು ಬಲವಂತವಾಗಿ ದುಡಿಸಿಕೊಂಡ ಕಹಿ ಇತಿಹಾಸವೂ ಅದರ ಜೊತೆಗಿದೆ. ಆದರೆ ಮನೆಯ ಅಡುಗೆಗೆ ಈ ಎಣ್ಣೆಯ ಬಳಕೆ ಅದಕ್ಕಿಂತ ಎಷ್ಟೋ ಹಳೆಯದು.

ಕರ್ನಾಟಕದಲ್ಲಿಯೂ ಎಣ್ಣೆ ತಾಳೆಯ ತೋಟಗಳಿವೆ, ನಿಮ್ಮ ಜಿಲ್ಲೆಯ ಸುತ್ತಮುತ್ತಲೂ ನೀವು ಕಂಡಿರಬಹುದು. ಆದರೆ ಆ ಹಣ್ಣು ಕಾರ್ಖಾನೆಗೆ ಹೋಗುತ್ತದೆಯೇ ಹೊರತು ಕೆಂಪು ಎಣ್ಣೆಯಾಗಿ ದಿನಸಿ ಅಂಗಡಿಗೆ ಬರುವುದಿಲ್ಲ. ಬೆಂಗಳೂರಿನ ಕಮ್ಮನಹಳ್ಳಿ, ಹೆಣ್ಣೂರು ಕಡೆ ಆಫ್ರಿಕಾದ ವಿದ್ಯಾರ್ಥಿಗಳು ವಾಸಿಸುವ ಭಾಗದಲ್ಲಿ ಅವರ ಅಡುಗೆಗೆ ಬೇಕಾದ ಸಾಮಾನು ಮಾರುವವರಲ್ಲಿ ವಿಚಾರಿಸಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ‘ಶುದ್ಧೀಕರಿಸದ ಕೆಂಪು ತಾಳೆ ಎಣ್ಣೆ’ ಎಂಬುದನ್ನು ಖಚಿತಪಡಿಸಿಕೊಂಡು, ಚಿಕ್ಕ ಬಾಟಲಿಯನ್ನೇ ತರಿಸಿ. ಮೊದಲ ಬಾರಿಗೆ ಅದರ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಹಳೆಯ ಎಣ್ಣೆಯಾದರೆ ಗಂಟಲಲ್ಲಿ ಕಿರಿಕಿರಿಯೂ ಆಗುತ್ತದೆ.

ಎಲ್ಲಿಯೂ ಸಿಗಲಿಲ್ಲವೆಂದರೆ ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಮಾಡಿ. ರುಚಿ ಬೇರೆಯಾದರೂ ಅಡುಗೆ ಪ್ರಾಮಾಣಿಕವಾಗಿ ಉಳಿಯುತ್ತದೆ. ಅರಿಸಿನ ಅಥವಾ ಬ್ಯಾಡಗಿ ಪುಡಿ ಹಾಕಿ ಕೆಂಪು ಬರಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಬಣ್ಣ ಬರುತ್ತದೆ ನಿಜ, ಜೊತೆಗೆ ಸಾರಿನ ವಾಸನೆಯೂ ಬರುತ್ತದೆ. ಆರೋಗ್ಯದ ದೃಷ್ಟಿಯಿಂದ ಒಂದು ಮಾತು: ಕೆಂಪು ತಾಳೆ ಎಣ್ಣೆಯಲ್ಲಿ ಶರೀರವು ವಿಟಮಿನ್ ‘ಎ’ ಮಾಡಿಕೊಳ್ಳುವ ಕ್ಯಾರೋಟಿನ್ ಹೇರಳವಾಗಿದ್ದರೂ ಅದರ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸಂತೃಪ್ತ ಕೊಬ್ಬು. ಅಲ್ಲಿ ಎಣ್ಣೆ ಮೇಲೆ ತೇಲುವಷ್ಟು ಸುರಿಯುವುದುಂಟು. ಮನೆಯಲ್ಲಿ ಕೊಲೆಸ್ಟ್ರಾಲ್ ತೊಂದರೆಯವರಿದ್ದರೆ ನಾನು ಕೆಳಗೆ ಹೇಳುವ ಅಳತೆಯನ್ನೂ ಅರ್ಧಕ್ಕೆ ಇಳಿಸಬಹುದು.

ನಾಲ್ಕೈದು ಜನರಿಗೆ 300 ಗ್ರಾಂ ಒಣಕಾಳು ಸಾಕು. ಹಿಂದಿನ ರಾತ್ರಿ ಕಾಳನ್ನು ಆರಿಸಿ, ತೊಳೆದು, ಮೂರು ಪಟ್ಟಿಗಿಂತ ಹೆಚ್ಚು ನೀರಿನಲ್ಲಿ ನೆನೆಹಾಕಿ. ಆ ನೀರಿಗೆ ಲೀಟರಿಗೆ ಎರಡು ಟೀ ಚಮಚದಷ್ಟು ಉಪ್ಪು ಬೆರೆಸಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ, ಆದರೆ ನೆನೆಯುವ ನೀರಿನ ಮಟ್ಟಿಗೆ ಅದು ತಿರುಗುಮುರುಗು: ಉಪ್ಪಿನ ಸೋಡಿಯಂ ಸಿಪ್ಪೆಯೊಳಗಿನ ಕ್ಯಾಲ್ಸಿಯಂನ ಜಾಗ ಹಿಡಿಯುವುದರಿಂದ ಸಿಪ್ಪೆ ಮೆದುವಾಗುತ್ತದೆ, ಬೇಯುವಾಗ ಒಡೆದು ಸುರುಳಿ ಬಿಚ್ಚಿಕೊಳ್ಳುವುದೂ ಕಡಿಮೆ. ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಕಾಳನ್ನು ತೊಳೆದು, ಹೊಸ ನೀರಿನಲ್ಲಿ ಮುಚ್ಚಳ ಹಾಕದೆ ಹತ್ತು ನಿಮಿಷವಾದರೂ ಮರಳಮರಳ ಕುದಿಸಿ. ನೊರೆ ಬಂದರೆ ಸೌಟಿನಿಂದ ತೆಗೆಯಿರಿ.

ಈ ಕುದಿತವನ್ನು ಬಿಡಬಾರದು. ರಾಜ್ಮಾ ಜಾತಿಯ ಹಸಿ ಕಾಳಿನಲ್ಲಿ ಲೆಕ್ಟಿನ್ ಎಂಬ ಗುಂಪಿನ ವಿಷಕಾರಿ ಪ್ರೋಟೀನ್ ಇರುತ್ತದೆ. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಅಪಾಯ ಇರುವುದು ಅರ್ಧಂಬರ್ಧ ಬಿಸಿಯಲ್ಲಿ. ಈಚೆಗೆ ಕೆಲವು ಮನೆಗಳಿಗೆ ಬಂದಿರುವ ಸ್ಲೋ ಕುಕ್ಕರಿನಲ್ಲಿ ಹಸಿ ರಾಜ್ಮಾವನ್ನು ನೇರವಾಗಿ ಇಟ್ಟರೆ ನೀರು ಕುದಿಯುವ ಮಟ್ಟಕ್ಕೆ ಹೋಗದೆ ಇರಬಹುದು, ಆಗ ವಿಷದ ಅಂಶ ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ನಿಮ್ಮ ಮೊದಲ ಪ್ರಯತ್ನದಲ್ಲಿ ಒಳಗೆ ಗಟ್ಟಿ ಉಳಿದ ಕಾಳನ್ನು ‘ಪರವಾಗಿಲ್ಲ’ ಎಂದು ತಿನ್ನುವ ಅಭ್ಯಾಸವಿದ್ದರೆ ಅದನ್ನು ಬಿಡುವುದು ಒಳ್ಳೆಯದು.

ಕುದಿದ ಕಾಳನ್ನು ಅದೇ ನೀರಿನ ಸಮೇತ ಕುಕ್ಕರಿಗೆ ಹಾಕಿ, ಕಾಳಿನ ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ನೋಡಿಕೊಂಡು, ಒಂದು ಇಡೀ ಈರುಳ್ಳಿಯನ್ನು ಸುಲಿದು ಎರಡು ಹೋಳು ಮಾಡಿ ಹಾಕಿ, ಒಂದು ಪಲಾವ್ ಎಲೆ ಸೇರಿಸಿ. ಟೊಮೆಟೊ ಬೇಡ, ಮೆಣಸಿನಕಾಯಿಯೂ ಈಗ ಬೇಡ. ಒಂದು ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ ಹನ್ನೆರಡರಿಂದ ಹದಿನೈದು ನಿಮಿಷ ಬಿಡಿ. ಕುಕ್ಕರ್ ತಾನಾಗಿ ಆರಿದ ಮೇಲೆಯೇ ತೆರೆಯಿರಿ. ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದರೆ ಅದು ಎರಡು ಬೇಳೆಯಾಗಿ ಜಾರಬಾರದು, ಹಿಟ್ಟಾಗಿ ಹರಡಬೇಕು. ಅಷ್ಟು ಬೇಯದಿದ್ದರೆ ಮತ್ತೆ ಐದಾರು ನಿಮಿಷ ಇಡಿ. ತೀರಾ ಹಳೆಯ ಕಾಳಾಗಿದ್ದರೆ ಕಾಲು ಟೀ ಚಮಚಕ್ಕಿಂತ ಕಡಿಮೆ ಅಡುಗೆ ಸೋಡ ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಕಾಳಿನಲ್ಲಿರುವ ಬಿ1 ವಿಟಮಿನ್ನೂ ಹಾಳಾಗುತ್ತದೆ. ಕಾಳು ಬೆಂದ ನೀರನ್ನು ಯಾವ ಕಾರಣಕ್ಕೂ ಬಸಿಯಬೇಡಿ. ಮುಂದೆ ಗೊಜ್ಜಿಗೆ ಸಾಂದ್ರತೆ ಕೊಡುವುದು ಅದೇ.

ತರಕಾರಿಗೆ ಬರೋಣ. ಎರಡು ದೊಡ್ಡ ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಅರ್ಧ ದೊಣ್ಣೆಮೆಣಸಿನಕಾಯಿ, ಒಂದು ಕಡ್ಡಿ ಸೆಲರಿ, ಒಂದು ಲೀಕ್ (ಈರುಳ್ಳಿಯ ಜಾತಿಯ ದಪ್ಪ ಕಾಂಡದ ತರಕಾರಿ), ಮೂರು ಹಣ್ಣಾದ ಟೊಮೆಟೊ. ಕಿನ್ಶಾಸಾದ ಮದೇಸುವಿನ ಗುರುತು ಈ ಸೆಲರಿ ಮತ್ತು ಲೀಕ್. ಬೆಲ್ಜಿಯಂನ ಅಡುಗೆಮನೆಯಲ್ಲಿ ಎರಡೂ ನಿತ್ಯದ ಸೊಪ್ಪು. ಆ ದೇಶ 1960ರವರೆಗೆ ಕಾಂಗೋವನ್ನು ಆಳಿತು. ನಿಮ್ಮೂರಲ್ಲಿ ಲೀಕ್ ಸಿಗುವುದು ಕಷ್ಟ, ಅದರ ಬದಲು ಈರುಳ್ಳಿ ಸೊಪ್ಪಿನ ಬಿಳಿ ಭಾಗವನ್ನೂ ಅರ್ಧದಷ್ಟು ಹಸಿರನ್ನೂ ಹಾಕಿ. ಸೆಲರಿ ಸಿಗದಿದ್ದರೆ ಸುಮ್ಮನೆ ಬಿಟ್ಟುಬಿಡಿ, ಅದರ ಬದಲು ಕೊತ್ತಂಬರಿ ಹಾಕಬೇಡಿ. ಅಲ್ಲಿ ಬಹಳ ಜನ ಮ್ಯಾಗಿ ಕ್ಯೂಬ್, ಅಂದರೆ ರುಚಿಗೆ ಹಾಕುವ ಉಪ್ಪುಮಸಾಲೆಯ ಗಟ್ಟಿ ಬಿಲ್ಲೆ, ಒಂದನ್ನು ಪುಡಿಮಾಡಿ ಉದುರಿಸುತ್ತಾರೆ. ನಿಮ್ಮ ಯಜಮಾನರ ನಾಲಿಗೆಗೆ ಆ ರುಚಿಯೂ ಅಂಟಿರಬಹುದಾದ್ದರಿಂದ ತರಕಾರಿಯದೇ ಎಂದು ಲೇಬಲ್ ನೋಡಿ ಅರ್ಧ ಕ್ಯೂಬ್ ಹಾಕಿದರೆ ತಪ್ಪೇನಿಲ್ಲ. ನನ್ನ ಮಟ್ಟಿಗೆ ಉಪ್ಪು ಮತ್ತು ಒಂದು ಚಿಟಿಕೆ ಜಾಯಿಕಾಯಿ ಪುಡಿ ಸಾಕು.

ದಪ್ಪ ತಳದ ಪಾತ್ರೆಯಲ್ಲಿ ನಾಲ್ಕು ದೊಡ್ಡ ಚಮಚ ಕೆಂಪು ಎಣ್ಣೆಯನ್ನು ಮಧ್ಯಮ ಉರಿಯಲ್ಲಿ ಕರಗಿಸಿ. ಹೊಗೆ ಬರುವವರೆಗೆ ಕಾಯಿಸಬಾರದು. ಹಾಗೆ ಕಾಯಿಸಿದರೆ ಎಣ್ಣೆ ಬಣ್ಣಗೆಟ್ಟು ತಿಳಿಹಳದಿಗೆ ಬರುತ್ತದೆ. ಪಶ್ಚಿಮ ಆಫ್ರಿಕಾದ ಕೆಲವು ಅಡುಗೆಗಳಲ್ಲಿ ಬೇಕೆಂದೇ ಹೀಗೆ ಮಾಡುತ್ತಾರೆ, ಇಲ್ಲಿ ಅದು ಬೇಡ. ಹಾಗೆಂದು ತೀರಾ ಹಸಿಯಾಗಿಯೂ ಇರಬಾರದು. ಎಣ್ಣೆ ಪೂರ್ತಿ ಕರಗಿ, ಅದರ ಹಸಿವಾಸನೆ ಹಿಂದೆ ಸರಿದು, ಹಾಕಿದ ಒಂದು ಚೂರು ಈರುಳ್ಳಿಯ ಸುತ್ತ ಸಣ್ಣ ಗುಳ್ಳೆಗಳು ಏಳುವ ಹೊತ್ತು ಸರಿ. ಆಗ ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ. ಒಂದೆರಡು ನಿಮಿಷದಲ್ಲಿ ಅದರ ಅಂಚು ಕಿತ್ತಳೆಯಾಗುತ್ತದೆ. ಅದು ಕೆಂಪಗೆ ಹುರಿದದ್ದಲ್ಲ, ಎಣ್ಣೆಯ ಬಣ್ಣ ಹಿಡಿದದ್ದು ಅಷ್ಟೇ. ಹಾಗಾಗಿ ಬಣ್ಣ ನೋಡಿ ಮೋಸಹೋಗದೆ ಈರುಳ್ಳಿ ಪೂರ್ತಿ ಬಾಡುವವರೆಗೆ ಕಾಯಿರಿ. ಬಳಿಕ ಬೆಳ್ಳುಳ್ಳಿ, ಲೀಕ್, ಸೆಲರಿ, ದೊಣ್ಣೆಮೆಣಸಿನಕಾಯಿ ಹಾಕಿ ಮೆತ್ತಗಾಗಲು ಬಿಟ್ಟು, ಕೊನೆಗೆ ಟೊಮೆಟೊ ಹಾಕಿ ಅದರ ನೀರು ಆರಿ ಎಣ್ಣೆ ಬದಿಗೆ ಬಿಡುವವರೆಗೆ ಬಾಡಿಸಿ.

ಇದಕ್ಕೆ ಬೆಂದ ಕಾಳನ್ನು ನೀರಿನೊಡನೆ ಸುರಿದು, ಉಪ್ಪು ನೋಡಿ ಹಾಕಿ, ಒಂದು ಸೌಟು ಕಾಳನ್ನು ಪಾತ್ರೆಯ ಬದಿಗೆ ಒತ್ತಿ ನುರಿದು ಮತ್ತೆ ಬೆರೆಸಿ. ಗೊಜ್ಜು ಗಟ್ಟಿಯಾಗಲು ಬೇರೆ ಹಿಟ್ಟು, ತೆಂಗಿನಕಾಯಿ, ಕೆನೆ ಯಾವುದೂ ಬೇಡ. ಖಾರಕ್ಕೆ ಅಲ್ಲಿ ‘ಪಿಲಿಪಿಲಿ’ ಎನ್ನುವ ಮೆಣಸಿನಕಾಯಿಯನ್ನು ಸೀಳದೆ ಇಡಿಯಾಗಿ ತೇಲಿಬಿಡುವುದುಂಟು. ಘಮ ಬರುತ್ತದೆ, ಖಾರ ಮಾತ್ರ ಬೇಕಾದವರು ತಟ್ಟೆಯಲ್ಲಿ ಹಿಸುಕಿಕೊಳ್ಳುತ್ತಾರೆ. ನೀವು ಎರಡು ಸೂಜಿಮೆಣಸನ್ನು ತೊಟ್ಟಿನ ಸಮೇತ ಹಾಗೆಯೇ ಹಾಕಿ. ಮುಚ್ಚಳವನ್ನು ಓರೆಯಾಗಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತೈದು ಮೂವತ್ತು ನಿಮಿಷ ಬಿಟ್ಟರೆ ರಸ ಕಾಳಿಗೆ ಅಂಟಿಕೊಂಡು, ಮೇಲೆ ಕೆಂಪು ಎಣ್ಣೆಯ ತೆಳುವಾದ ಕಣ್ಣುಗಳು ತೇಲುತ್ತವೆ. ಸೌಟಿನಿಂದ ಎತ್ತಿದರೆ ಸುರಿಯದೆ ನಿಧಾನವಾಗಿ ಜಾರುವ ಹದ ಇರಲಿ. ಈ ಅರ್ಧ ಗಂಟೆಯನ್ನು ಕುಕ್ಕರಿನಲ್ಲಿ ಉಳಿಸಲು ಹೋಗಬೇಡಿ. ನಿಮ್ಮ ಯಜಮಾನರು ನೆನೆಸಿಕೊಳ್ಳುವ ರುಚಿ ಹುಟ್ಟುವುದು ಈ ಹೊತ್ತಿನಲ್ಲಿಯೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅನ್ನದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಳೆಯ ಸೋನಾ ಮಸೂರಿಯನ್ನು ಉಪ್ಪು ಮತ್ತು ಒಂದು ಚಮಚ ಎಣ್ಣೆ ಹಾಕಿ ಉದುರುದುರಾಗಿ ಮಾಡಿ. ಬಾಸ್ಮತಿಯ ಪರಿಮಳ ಇಲ್ಲಿ ಅಡ್ಡಿ ಬರುತ್ತದೆ. ಕಾಂಗೋದ ಒಳನಾಡಿಗೆ ಅಕ್ಕಿ ಬಂದದ್ದು ನಮ್ಮ ಕಡೆಯ ಸಮುದ್ರದ ದಾರಿಯಿಂದಲೇ ಎಂಬುದು ಕುತೂಹಲದ ವಿಷಯ. 19ನೇ ಶತಮಾನದಲ್ಲಿ ಜಂಜಿಬಾರ್ ಕಡೆಯಿಂದ ದಂತ ಮತ್ತು ಗುಲಾಮರ ವ್ಯಾಪಾರಕ್ಕೆ ಹೋದ ಅರಬ್ ಮತ್ತು ಸ್ವಾಹಿಲಿ ವರ್ತಕರು ಪೂರ್ವ ಕಾಂಗೋದ ಮನ್ಯೇಮಾ ಪ್ರದೇಶದಲ್ಲಿ ನೆಲೆಯೂರಿ ಭತ್ತ ಬೆಳೆಸಿದರು. ಕಾಳು ಬಂದದ್ದು ಅದರ ವಿರುದ್ಧ ದಿಕ್ಕಿನಿಂದ: ಅಮೆರಿಕ ಮೂಲದ ಅದು ಪೋರ್ಚುಗೀಸರ ಅಟ್ಲಾಂಟಿಕ್ ವ್ಯಾಪಾರದೊಡನೆ ಆಫ್ರಿಕಾ ತಲುಪಿತು. ತಟ್ಟೆಯಲ್ಲಿರುವುದರಲ್ಲಿ ಆ ಕಾಡಿನದೇ ಆದದ್ದು ಎಣ್ಣೆಯೊಂದೇ.

ಇಷ್ಟು ಹೇಳಿದ ಮೇಲೂ ನಿಮ್ಮ ಯಜಮಾನರಿಗೆ ಏನೋ ಕಡಿಮೆ ಎನಿಸಿದರೆ ಅವರು ಉಂಡ ಮದೇಸುವಿನಲ್ಲಿ ಮೀನು ಇದ್ದಿರಬಹುದು. ‘ಮಕಯಾಬು’ ಎಂಬ ಉಪ್ಪು ಹಚ್ಚಿದ ಒಣಮೀನನ್ನು ಇದರೊಡನೆ ಬಡಿಸುವುದು, ಒಮ್ಮೊಮ್ಮೆ ಒಳಗೇ ಹಾಕುವುದು ಅಲ್ಲಿ ಸಾಮಾನ್ಯ. ಸಸ್ಯಾಹಾರದಲ್ಲಿ ಅದಕ್ಕೆ ಸರಿಯಾದ ಬದಲಿ ಇಲ್ಲ, ಹುಡುಕುವುದೂ ಬೇಡ, ಏಕೆಂದರೆ ಬರಿಯ ಕಾಳಿನ ಮದೇಸುವೂ ಅಲ್ಲಿ ಅಷ್ಟೇ ಸಹಜವಾದ ಊಟ. ಅದರ ಬದಲು ‘ಮಕೆಂಬಾ’ ಮಾಡಿ: ಹಣ್ಣಾಗುತ್ತ ಬಂದ ನೇಂದ್ರ ಬಾಳೆಯನ್ನು ಓರೆಯಾಗಿ ಹೆಚ್ಚಿ, ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಕರಿದು, ಉಪ್ಪುದುರಿಸಿ ಪಕ್ಕಕ್ಕಿಡಿ. ಅದರ ಸಿಹಿ ಮತ್ತು ಸೂಜಿಮೆಣಸಿನ ಖಾರ ಬಹಳ ಚೆನ್ನಾಗಿ ಕೂಡುತ್ತವೆ.

ಉಳಿದ ಮದೇಸುವನ್ನು ಆರಿದ ಕೂಡಲೇ ಫ್ರಿಜ್ಜಿಗೆ ಹಾಕಿದರೆ ಎರಡು ಮೂರು ದಿನ ಕೆಡುವುದಿಲ್ಲ. ಮಾರನೆಯ ದಿನ ಅದು ಗಟ್ಟಿಯಾಗಿ, ಮೇಲೆ ಎಣ್ಣೆ ಹೆಪ್ಪುಗಟ್ಟಿರುತ್ತದೆ. ತಣ್ಣೀರು ಸುರಿಯದೆ ಅರ್ಧ ಲೋಟ ಬಿಸಿನೀರು ಬೆರೆಸಿ, ತಳ ಹಿಡಿಯದಂತೆ ಸಣ್ಣ ಉರಿಯಲ್ಲಿ ಒಂದು ಕುದಿ ಬರಿಸಿ. ಅನ್ನವನ್ನು ಮಾತ್ರ ಆಯಾ ಹೊತ್ತಿಗೆ ಹೊಸದಾಗಿ ಮಾಡಿಕೊಳ್ಳಿ.